ಐದು ಅಡಿ ದೂರದ ಲೆನ್ಸು

ಇವತ್ತು ಬೆಳಿಗ್ಗೆ ಕಪಾಟಿನ ಮೇಲಿನ ಖಾನೆಯಲ್ಲಿ ಏನೋ ಹುಡುಕುತ್ತಿದ್ದಾಗ ಬೂಷ್ಟಿನ ವಾಸನೆ ಬಂತು. ಕೈಗೆ ಸಿಕ್ಕಿದ್ದು ಮೊಳದುದ್ದದ ಹಳೆಯ ಜೂಮ್ ಲೆನ್ಸು. ಕಾರಖಾನೆ ಮುಚ್ಚಿದಾಗ ಮಾಲಕರು ನನಗೇ ಬಿಟ್ಟುಹೋದದ್ದು. ನೋಡಿದ ಕೂಡಲೆ ಮೈ ಉರಿಯಿತು. ಸಿಟ್ಟು ನನ್ನ ಮೇಲೆಯೇ.

ತೊಂಬತ್ತರ ದಶಕದಲ್ಲಿ ನಾನು ಸೋಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಟವೆಲ್ ಕಾರಖಾನೆಯ ಗುಮಾಸ್ತ. ಕ್ಯಾಮೆರಾ ಹಿಡಿಯಲು ಬರುತ್ತದೆಂಬ ತಪ್ಪಿಗೆ ಮಾಲಿನ ಫೋಟೋ ತೆಗೆಯುವ ಕೆಲಸವೂ ನನಗೇ ಅಂಟಿತ್ತು. ಮಾಲಕರು ಒಂದು ಲೆನ್ಸು ತಾ ಎಂದರು. ಅಂಗಡಿಯವನು ಎರಡು ಮುಂದಿಟ್ಟ. ಒಂದು ಮ್ಯಾಕ್ರೋ: ಗಿಡ್ಡ, ದೂರದ್ದನ್ನು ಎಳೆದು ತರಲು ಬಾರದು, ಆದರೆ ಗೇಣು ದೂರದಿಂದ ಒಂದೊಂದು ಎಳೆ ತೋರಿಸುವಂಥದ್ದು. ಇನ್ನೊಂದು ಈ ಜೂಮ್. ಟವೆಲ್ ಕಾರಖಾನೆಗೆ ಯಾವುದು ಬೇಕು, ನೀವೇ ಹೇಳಿ. ನನಗೋ ಊರಾಚೆ ಬೋರಾಮಣಿಯ ಹುಲ್ಲುಗಾವಲಿನ ಹಕ್ಕಿಗಳ ಫೋಟೋ ತೆಗೆಯುವ ಹುಚ್ಚು. "ಇದರಾಗ ಎಲ್ಲಾ ಬರ್ತದರಿ" ಎಂದು ಮಾಲಕರಿಗೆ ಹೇಳಿ ಜೂಮ್ ತಂದೆ.

ಕೆಲವು ತಿಂಗಳಿಗೆ ಒಂದು ಲಾಟು ಟವೆಲ್ ವಾಪಸ್ ಬಂತು, ಮೈತುಂಬ ಅಡ್ಡಗೆರೆ. ನೇಯ್ದವನು ಮಲ್ಲೇಶಪ್ಪ, ಅಕ್ಕಲಕೋಟದಿಂದ ದಿನಾ ಬಸ್ಸಿಗೆ ಬರುತ್ತಿದ್ದವ.

"ನನ್ನ ಕೈದಾಗ ತಪ್ಪಿಲ್ರಿ. ನೂಲ ಹಂಗ ಐತಿ, ಒಮ್ಮಿ ದಪ್ಪ, ಒಮ್ಮಿ ತೆಳ್ಳಗ" ಎಂದ.

ಮಾಲಕರು ನಂಬಲಿಲ್ಲ. ನೂಲು ಮಾರಿದವನಿಗೆ ಫೋಟೋ ಕಳಿಸೋಣ, ತಪ್ಪು ನೂಲಿನದೇ ಎಂದು ಅವನು ಒಪ್ಪುವ ತನಕ ಮಲ್ಲೇಶಪ್ಪ ಮನೆಯಲ್ಲಿರಲಿ ಎಂದರು.

ಫೋಟೋ ತೆಗೆಯಲು ಹೋದೆ. ಐದು ಅಡಿಗಿಂತ ಹತ್ತಿರ ಸರಿದರೆ ಎಲ್ಲ ಮಬ್ಬು; ಐದು ಅಡಿಯಲ್ಲಿ ನಿಂತರೆ ಟವೆಲ್ ಕಾಣುತ್ತದೆ, ನೂಲು ಕಾಣುವುದಿಲ್ಲ. ಸ್ಟೂಲು ಹತ್ತಿದೆ, ನೆಲಕ್ಕೆ ಮಲಗಿದೆ, ಎರಡು ರೋಲು ಫಿಲ್ಮು ಹಾಳು ಮಾಡಿದೆ. ಹೊಲದಾಚೆಯ ಹಕ್ಕಿಯ ಕಣ್ಣು ತೋರಿಸುವ ಲೆನ್ಸಿಗೆ ಮೂಗಿನ ಮುಂದಿನ ಎಳೆ ಕಾಣದು.

"ಎಲ್ಲಾ ಬರ್ತದ ಅಂದಿದ್ದೆಲ್ಲ ನೀ?" ಎಂದರು ಮಾಲಕರು.

ತಪ್ಪು ಲೆನ್ಸು ತಂದೆ ಎಂದಿದ್ದರೆ ಮುಗಿಯುತ್ತಿತ್ತು. ಬೆಳಕು ಸಾಲದು ಎಂದೆ.

ಹೀಗೆ ಮೂರು ವಾರ. ಕೊನೆಗೆ ಟವೆಲನ್ನು ಚೀಲದಲ್ಲಿಟ್ಟುಕೊಂಡು ಅಕ್ಕಲಕೋಟಕ್ಕೆ ಹೋದೆ. ಅಲ್ಲಿಯ ಸ್ಟುಡಿಯೋದ ಕಾಕಾ ಹಳೆಯ ಫೋಟೋಗಳ ನಕಲು ತೆಗೆಯಲು ಒಂದು ಮ್ಯಾಕ್ರೋ ಇಟ್ಟುಕೊಂಡಿದ್ದರು. ನನ್ನ ಜೂಮನ್ನು ತಿರುಗಿಸಿ ನೋಡಿ, "ಭಾರಿ ಐತಿ. ಖರೆ, ನಿಮ್ಮ ಕೆಲಸಕ್ಕ ಅಲ್ಲ ಇದು. ಯಾರು ಆರಿಸಿದ್ರು?" ಎಂದರು.

"ಮಾಲಕ್ರು" ಎಂದೆ.

ಅವರ ಫೋಟೋದಲ್ಲಿ ನೂಲು ಹಗ್ಗದಷ್ಟು ದಪ್ಪಗೆ ಬಂದಿತ್ತು. ಎಲ್ಲಿ ಉಬ್ಬಿದೆ, ಎಲ್ಲಿ ಸೊರಗಿದೆ ಎಂದು ಬೆರಳಿಟ್ಟು ತೋರಿಸಬಹುದಿತ್ತು. ನೂಲಿನವನು ಒಪ್ಪಿದ. ಮಲ್ಲೇಶಪ್ಪ ಮಗ್ಗಕ್ಕೆ ಮರಳಿದ. ತಪ್ಪಾಯಿತು ಎಂದು ಅವನಿಗೆ ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅಕ್ಕಲಕೋಟದ ತನಕ ಹೋಗಿ ಬಂದೆನೆಂದು ಅವನೇ ನನಗೆ ಚಹಾ ಕುಡಿಸಿದ. ಕುಡಿದೆ.

ಇವತ್ತು ಮಧ್ಯಾಹ್ನ ತಡೆಯಲಾಗದೆ ಅವನಿಗೆ ಫೋನ್ ಮಾಡಿದೆ.

"ಮಲ್ಲೇಶಪ್ಪ, ನಿನ್ನ ಮೂರು ವಾರದ ಕೆಲಸ ಹೋಗಿದ್ದು ಆ ತಪ್ಪು ಲೆನ್ಸಿನ ಸಲುವಾಗಿ. ಅದನ್ನ ಮಾಲಕ್ರು ಆರಿಸಿದ್ದಲ್ಲಪಾ. ಹಕ್ಕಿ ಸಲುವಾಗಿ ನಾನ ತಂದಿದ್ದೆ."

"ಗೊತ್ತೈತ್ರಿ" ಎಂದ. "ನಾ ಕೆಲಸಿಲ್ದ ಮನ್ಯಾಗ ಕುಂತಾಗ ಮಾತಾಡ್ಸಾಕ ಬಂದಿದ್ರಿ. ಆವಾಗ ಆ ಲೆನ್ಸಿನ್ಯಾಗ ತೆಗೆದ ಹಕ್ಕಿ ಫೋಟೋ ನೀವ ತೋರಿಸಿದ್ರೆಲ್ಲ."

ತೋರಿಸಿದ್ದು ನನಗೆ ನೆನಪೇ ಇರಲಿಲ್ಲ. "ತಪ್ಪಾತಪಾ" ಎಂದೆ.

"ಇರ್ಲಿ ಬಿಡ್ರಿ" ಎಂದ ಮಲ್ಲೇಶಪ್ಪ. "ಹಕ್ಕಿ ಚೊಲೋ ಬಂದಿದ್ವು."