ಹದಿಮೂರನೆಯ ಬಾಗಿಲು

ಇಂಥ ಸಂಗತಿಗಳನ್ನು ಯಾರಾದರೂ ಹೇಳಲು ಶುರುಮಾಡಿದರೆ ಎಲ್ಲರಿಗಿಂತ ಮೊದಲು ನಕ್ಕುಬಿಡುತ್ತಿದ್ದವಳು ನಾನು. ಬಾದಾಮಿಯಲ್ಲಿರುವ ನನ್ನ ಅಕ್ಕ ಒಮ್ಮೆ, ತೀರಿಕೊಂಡ ಮಾವನವರು ಹಿತ್ತಲಲ್ಲಿ ಕೆಮ್ಮಿದ್ದು ಕೇಳಿಸಿತು ಎಂದಾಗ, "ಎಮ್ಮಿ ಇರಬೇಕ ನೋಡ" ಎಂದು ಅವಳ ಬಾಯಿ ಮುಚ್ಚಿಸಿದ್ದೆ. ವರ್ಷಾನುಗಟ್ಟಲೆ ಮಕ್ಕಳಿಗೆ ವಿಜ್ಞಾನ ಕಲಿಸಿದವಳು ನಾನು. ದೇವರನ್ನು ನಂಬುತ್ತೇನೆ, ಉಳಿದ ಎಲ್ಲದಕ್ಕೂ ಕಾರಣ ಕೇಳುತ್ತೇನೆ. ಆದ್ದರಿಂದ ನೀವು ಇದನ್ನು ಓದಿ ನಕ್ಕರೆ ನನಗೇನೂ ಬೇಸರವಿಲ್ಲ. ನಕ್ಕಾದ ಮೇಲೆ ಕಾರಣ ಹೊಳೆದರೆ ಮಾತ್ರ ದಯವಿಟ್ಟು ನನಗೂ ತಿಳಿಸಿ.

ಇಳಕಲ್ಲಿನಲ್ಲಿ ನಮ್ಮದು ಸಣ್ಣ ಸಭೆ. ಚರ್ಚಿನ ಸುತ್ತಲಿನ ಓಣಿಗಳಲ್ಲಿ, ಮಗ್ಗದ ಮನೆಗಳ ನಡುನಡುವೆ, ನಮ್ಮ ಮನೆ ಬಿಟ್ಟು ಹದಿಮೂರು ಕ್ರೈಸ್ತ ಮನೆಗಳಿವೆ. ಕರ್ತನು ಸಾವಿನಿಂದ ಎದ್ದ ದಿನವಾದ ಈಸ್ಟರಿನಂದು ಹೊತ್ತು ಹುಟ್ಟುವ ಮೊದಲೇ ಆರಾಧನೆ. ಅದಕ್ಕೆ ಹಿರಿಯರ ಕಾಲದಿಂದ ಒಂದು ಪದ್ಧತಿ ನಡೆದುಬಂದಿದೆ. ನಸುಕಿನ ನಾಲ್ಕಕ್ಕೆ ಒಬ್ಬರು ಲಾಟೀನು ಹಿಡಿದು ಹೊರಟು, ಪ್ರತಿ ಮನೆಯ ಬಾಗಿಲನ್ನು ಮೂರು ಸಲ ಬಡಿದು, "ಕರ್ತ ಎದ್ದಾನ, ನೀವೂ ಏಳ್ರಿ" ಎಂದು ಕೂಗಬೇಕು. ಒಳಗಿನವರು "ಖರೇನ ಎದ್ದಾನ" ಎಂದು ಓಗೊಟ್ಟ ಮೇಲೆಯೇ ಮುಂದಿನ ಮನೆ. ಈಗ ಎಲ್ಲರ ತಲೆದಿಂಬಿನ ಪಕ್ಕದಲ್ಲೂ ಅಲಾರಂ ಇರುವ ಮೊಬೈಲ್ ಇದೆ. ಆದರೂ ಬಾಗಿಲು ಬಡಿಯದಿದ್ದರೆ ನಮ್ಮವರಿಗೆ ಅದು ಹಬ್ಬವೇ ಅಲ್ಲ.

ಈ ಕೆಲಸ ಇಪ್ಪತ್ತು ವರ್ಷ ನನ್ನದಾಗಿತ್ತು. ನಾನು ಬಡಿದರೆ ಬಾಗಿಲಲ್ಲ, ಗೋಡೆಯೇ ಅಲುಗುತ್ತದೆ ಎಂದು ಓಣಿಯವರು ಚೇಷ್ಟೆ ಮಾಡುತ್ತಿದ್ದರು. ಕೂಗಿದ ಮೇಲೆ, "ಲಗೂ ಏಳ್ರಿ, ಹಿಂದಿನ ಸಲ ಭಾಳ ತಡಾ ಮಾಡೀರಿ" ಎಂದು ಒಂದು ಬೈಗುಳವನ್ನೂ ಸೇರಿಸುತ್ತಿದ್ದೆ. ಇದೊಂದೇ ಅಲ್ಲ, ಚರ್ಚಿನ ಕಸ ಹೊಡೆಯುವುದು, ಸಂಡೇ ಸ್ಕೂಲ್, ರೋಗಿಗಳ ಭೇಟಿ, ನಲವತ್ತು ದಿನದ ಉಪವಾಸ, ಎಲ್ಲವನ್ನೂ ಮೈಮೇಲೆ ಹಾಕಿಕೊಂಡಿದ್ದೆ. ಯಾರೂ ಹೇರಿದ್ದಲ್ಲ. ನನ್ನೊಳಗೇ ಒಂದು ಹೆದರಿಕೆ ಇತ್ತು. ತೊಟ್ಟಿಲ ಕೂಸಾಗಿದ್ದಾಗಲೇ ನನಗೆ, ತಲೆಗೆ ನೀರೆರೆದು ದೇವರ ಮಗಳೆಂದು ಹೆಸರಿಡುವ ದೀಕ್ಷಾಸ್ನಾನ ಆಗಿಹೋಗಿತ್ತು. ಏನೂ ಮಾಡದೆ ಸಿಕ್ಕ ಹೆಸರು ನಿಜವಾಗಿ ನನ್ನದು ಎಂದು ನಂಬುವುದು ಹೇಗೆ? ಕೈ ಖಾಲಿಯಾಗಿ ಕುಳಿತರೆ ದೇವರು ನನ್ನನ್ನು ಗುರುತಿಸಲಿಕ್ಕಿಲ್ಲ ಎಂದೇ ನನಗೆ ಅನಿಸುತ್ತಿತ್ತು.

ನಮ್ಮ ಅತ್ತೆಗೆ ಇದು ತಿಳಿದಿತ್ತು. ನಾನು ಬಕೆಟ್ಟು ಹಿಡಿದು ಚರ್ಚಿಗೆ ಓಡುವಾಗಲೆಲ್ಲ ಅವರು ಕಟ್ಟೆಯ ಮೇಲೆ ಕೂತು, "ಮಗಳು ಅಪ್ಪನ ಮನ್ಯಾಗ ಸುಮ್ಮ ಕುಂತ್ರ ಯಾರರ ಎಬ್ಬಿಸಿ ಕಳಸ್ತಾರೇನ? ನೀ ಯಾಕ ಆಳಿನಂಗ ಓಡ್ಯಾಡ್ತಿ?" ಎನ್ನುತ್ತಿದ್ದರು. ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಇನ್ನು ಮಗ್ಗದ ದ್ಯಾವಪ್ಪನ ವಿಷಯ. ಅವನ ಮನೆ ಓಣಿಯ ಕೊನೆಯಲ್ಲಿ, ಹದಿಮೂರನೆಯದು. ತಾಯಿ ಸತ್ತ ಮೇಲೆ ಒಬ್ಬಂಟಿ, ಸೀರೆ ನೇಯುವುದು, ಸಂಜೆಯಾದರೆ ಕುಡಿಯುವುದು. ಒಂದು ಈಸ್ಟರ್ ನಸುಕಿನಲ್ಲಿ ಅವನ ಬಾಗಿಲು ಬಡಿದಾಗ ಅಮಲಿನ್ನೂ ಇಳಿಯದೆ ತೂರಾಡುತ್ತ ಬಂದು ನಿಂತ. ನನಗೆ ಸಿಟ್ಟು ಬಂತು. "ಮೊದ್ಲ ಸುಧಾರಿಸ್ಕೊ, ಆಮ್ಯಾಲ ಚರ್ಚಿಗೆ ಬರೂವಂತಿ" ಎಂದೆ. ಅಂದಿನಿಂದ ಆ ಬಾಗಿಲನ್ನು ಬಿಟ್ಟುಬಿಟ್ಟೆ. ಎಂಟು ವರ್ಷ ಹನ್ನೆರಡೇ ಮನೆ ಬಡಿದೆ. ಅವನೂ ಚರ್ಚಿನತ್ತ ಸುಳಿಯಲಿಲ್ಲ.

ಈ ಘಟನೆ ನಡೆದು ಈಗ ಐದಾರು ವರ್ಷ. ಹಬ್ಬದ ಹಿಂದಿನ ದಿನವೆಲ್ಲ ಚರ್ಚು ತೊಳೆದು, ಮಕ್ಕಳಿಗೆ ಹಾಡು ಕಲಿಸಿ, ಆರಾಧನೆಯ ನಂತರದ ಉಪ್ಪಿಟ್ಟಿಗೆ ಉಳ್ಳಾಗಡ್ಡಿ ಹೆಚ್ಚಿಟ್ಟು ಮಲಗಿದ್ದೆ. ಮೂರು ಗಂಟೆಗೆ ಎದ್ದರೆ ಕಾಲು ನೆಲಕ್ಕೆ ಊರಲು ಬರುತ್ತಿಲ್ಲ. ಹಿಮ್ಮಡಿ ಬಿರಿದು, ಪಾದ ಬಾತುಕೊಂಡಿದ್ದವು. ನೀರು ಕಾಯಿಸಿ, ಉಪ್ಪು ಹಾಕಿ, ಹಿತ್ತಲಲ್ಲಿ ಸ್ಟೂಲಿನ ಮೇಲೆ ಕೂತು ಕಾಲನ್ನು ಬೋಗುಣಿಯಲ್ಲಿ ಇಳಿಬಿಟ್ಟೆ. ಹೊಸ ಬತ್ತಿ ಹಾಕಿದ ಲಾಟೀನು ಪಕ್ಕದಲ್ಲೇ ಇತ್ತು. ಐದೇ ನಿಮಿಷ ಎಂದುಕೊಂಡು ಗೋಡೆಗೆ ಒರಗಿದೆ.

ಕಣ್ಣು ಬಿಟ್ಟಾಗ ಬೆಳಕು ಹರಿದಿತ್ತು.

ಕಾಲು ಇನ್ನೂ ನೀರಿನಲ್ಲೇ ಇದ್ದವು. ನೀರು ತಣ್ಣಗಾಗಿತ್ತು, ಅಂಗಾಲಿನ ಚರ್ಮ ನೆನೆದು ಸುಕ್ಕುಗಟ್ಟಿತ್ತು. ಲಾಟೀನಿನ ಬತ್ತಿ ಬೆಳ್ಳಗೆ ಹಾಗೇ ಇತ್ತು. ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ತಪ್ಪದ್ದು ಇಂದು ತಪ್ಪಿಹೋಯಿತು, ನನ್ನಿಂದ ಇಡೀ ಸಭೆಯ ಹಬ್ಬ ಹಾಳಾಯಿತು ಎಂದು ಗಡಬಡಿಸಿ ಎದ್ದೆ. ಮನೆಯೊಳಗೆ ಹೋಗಿ ನೋಡಿದರೆ ಅತ್ತೆಯ ಹಾಸಿಗೆ ಖಾಲಿ. ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದೆ.

ಚರ್ಚಿನ ಮೆಟ್ಟಿಲಿಗೆ ಬರುವಾಗಲೇ ಹಾಡು ಕೇಳಿಸಿತು. ಒಳಗೆ ಎಲ್ಲರೂ ಇದ್ದರು. ಹಾಡು ಮುಗಿದದ್ದೇ ಪಾಸ್ಟರ್ ನನ್ನನ್ನು ಕಂಡು, "ಎಲ್ಲಾರ್ನೂ ಎಬ್ಬಿಸಿ ನೀವ ತಡಾ ಮಾಡಿದ್ರೆಲ್ಲ ಅಕ್ಕೋರ!" ಎಂದು ನಕ್ಕರು. ನಾನು ಅತ್ತೆಯ ಪಕ್ಕ ಹೋಗಿ ಕೂತೆ.

"ಯಾರು ಎಬ್ಬಿಸಿದ್ರು ನಿಮ್ಮನ್ನ?" ಎಂದು ಪಿಸುಗುಟ್ಟಿದೆ.

"ನೀನ ಅಲ್ಲೇನ? ನಮ್ಮ ಬಾಗಲಾನೂ ಮೂರು ಸಲ ಬಡದಿ. ಇವತ್ತ ಏನ ಅಷ್ಟ ಮೆತ್ತಗ? 'ಸಾವಕಾಶ ಬರ್ರಿ ಅತ್ತಿ, ಅವಸರ ಇಲ್ಲ' ಅಂದಿ. ನಗ್ತಿದ್ದಿ" ಎಂದರು.

ಮುಂದಿನ ಸಾಲಿನವರು ತಿರುಗಿ, ತಮ್ಮ ಬಾಗಿಲಲ್ಲೂ ಹಾಗೆಯೇ ಆಯಿತು ಎಂದರು. ದನಿ ನನ್ನದೇ, ಬೈಗುಳ ಮಾತ್ರ ಇರಲಿಲ್ಲವಂತೆ. ಬಾಗಿಲು ತೆರೆಯುವಷ್ಟರಲ್ಲಿ ಹೊರಗೆ ಯಾರೂ ಇರಲಿಲ್ಲ, ಮುಂದಿನ ಮನೆಗೆ ಹೋಗಿರಬೇಕು ಎಂದುಕೊಂಡಿದ್ದರು.

ಆಮೇಲೆ ಕೊನೆಯ ಬೆಂಚಿನ ಕಡೆ ನೋಡಿದೆ. ದ್ಯಾವಪ್ಪ ಕೂತಿದ್ದ. ಸ್ನಾನ ಮಾಡಿ, ತಲೆ ಬಾಚಿ, ಒಗೆದ ಅಂಗಿ ತೊಟ್ಟಿದ್ದ. ಆರಾಧನೆ ಮುಗಿದ ಮೇಲೆ ಅವನೇ ನನ್ನ ಹತ್ತಿರ ಬಂದ.

"ಅಕ್ಕೋರ, ನೀವು ಕರದ್ರಿ, ಬಂದೆ" ಎಂದ. "ನಾ ಒಳಗಿಂದನ ಹೇಳಿದ್ನಿ, ನಾ ಇನ್ನೂ ಸುಧಾರಿಸಿಲ್ರೀ ಅಂತ. 'ಹಂಗ ಬಾ, ಬಂದು ಸುಮ್ಮ ಕುಂದ್ರು' ಅಂದ್ರಿ. ಅದಿರ್ಲಿ, ನನ್ನ ಹೆಸರು ನಿಮಗ ಹ್ಯಾಂಗ ಗೊತ್ತಾತ್ರೀ?"

"ಯಾವ ಹೆಸರೋ?"

"ದಾವೀದ ಅಂತ ಕರದ್ರೆಲ್ರಿ. ನಮ್ಮವ್ವ ಹ್ವಾದ ಮ್ಯಾಲ ಯಾರೂ ಹಂಗ ಕರದಿಲ್ಲ."

ನನಗೆ ಆ ಹೆಸರು ಗೊತ್ತೇ ಇರಲಿಲ್ಲ. ಪಾಸ್ಟರ್ ಕಪಾಟಿನಿಂದ ದೀಕ್ಷಾಸ್ನಾನದ ಹಳೆಯ ಪುಸ್ತಕ ತೆಗೆದು ನೋಡಿದರು. ಮಾಸಿದ ಮಸಿಯಲ್ಲಿ ಅವನ ತಾಯಿಯ ಹೆಸರು, ಪಕ್ಕದಲ್ಲಿ ಮಗ ದಾವೀದ ಎಂದಿತ್ತು. ಅದನ್ನು ಓದಿ ನಾನು ಅಲ್ಲೇ ಎಲ್ಲರೆದುರು ಅತ್ತುಬಿಟ್ಟೆ. ಎಂಟು ವರ್ಷ ನಾನು ಮುಚ್ಚಿಟ್ಟ ಬಾಗಿಲು ನಾನು ನಿದ್ದೆಯಲ್ಲಿದ್ದಾಗ ತೆರೆದಿತ್ತು. ನಾಚಿಕೆಯಿಂದ ಅಳು ಬಂತು, ಅದಕ್ಕಿಂತ ಹೆಚ್ಚು ಸಂತೋಷದಿಂದ.

ನಾನು ಯಾರ ಮನೆಗೂ ಬಂದಿರಲಿಲ್ಲ ಎಂದು ಎಲ್ಲರಿಗೂ ಹೇಳಿದೆ. ಯಾರೂ ನಂಬಲಿಲ್ಲ. "ಏನ್ ವಿನಯ ನೋಡ್ರಿ ಅಕ್ಕೋರದು" ಎಂದು ಹೊಗಳಿ ಉಪ್ಪಿಟ್ಟು ತಿಂದರು. ಅತ್ತೆಯೊಬ್ಬರೇ ನನ್ನ ಬರಿಗಾಲನ್ನು ನೋಡಿ, ಸುಕ್ಕುಗಟ್ಟಿದ ಬೆರಳನ್ನು ಮುಟ್ಟಿ, ಇನ್ನೊಂದು ಸೌಟು ಉಪ್ಪಿಟ್ಟನ್ನು ನನ್ನ ತಟ್ಟೆಗೆ ಬಡಿಸಿದರು.

ನಿದ್ದೆಗಣ್ಣಿನಲ್ಲಿ ನಾನೇ ನಡೆದುಹೋಗಿ ಬಂದೆನೇ? ಹಾಗಾದರೆ ಮತ್ತೆ ಬೋಗುಣಿಯಲ್ಲಿ ಕಾಲಿಟ್ಟು ಕೂತವರು ಯಾರು? ಬೇರೆ ಹೆಂಗಸು ಯಾರಾದರೂ ಚೇಷ್ಟೆ ಮಾಡಿದರೇ? ಓಣಿಯ ಎಲ್ಲರನ್ನೂ ಕೇಳಿದ್ದೇನೆ. ಆ ಹೆಸರು ಯಾರಿಗೂ ಗೊತ್ತಿರಲಿಲ್ಲ. ಕಾರಣ ಹುಡುಕುವ ನನ್ನ ಬುದ್ಧಿ ಈ ಒಂದು ವಿಷಯದಲ್ಲಿ ಕೈಚೆಲ್ಲಿದೆ.

ಮರುವರ್ಷದಿಂದ ಬಾಗಿಲು ಬಡಿಯುವ ಕೆಲಸವನ್ನು ದಾವೀದನಿಗೆ ಒಪ್ಪಿಸಿದ್ದೇವೆ. ಅವನು ಈಗಲೂ ಆಗೀಗ ಕುಡಿಯುತ್ತಾನೆ, ಆದರೆ ಈಸ್ಟರಿಗೆ ಒಮ್ಮೆಯೂ ತಪ್ಪಿಲ್ಲ. ನಾನು ಮೂರು ಗಂಟೆಗೇ ಎಚ್ಚರವಾದರೂ ಏಳುವುದಿಲ್ಲ. ಮನೆಯ ಮಗಳ ಹಾಗೆ ಹೊದ್ದುಕೊಂಡು, ನನ್ನನ್ನು ಕರೆಯುವುದಕ್ಕೆ ಕಾಯುತ್ತ ಮಲಗಿರುತ್ತೇನೆ. ಅವನು ಕೂಗಿದಾಗ ಓಗೊಟ್ಟು ಏಳುತ್ತೇನೆ.

ಹೋದ ವರ್ಷವೂ ಬಾಗಿಲು ಮೂರು ಸಲ ಮೆತ್ತಗೆ ಬಡಿಯಿತು. ಓಗೊಟ್ಟು ತೆರೆದರೆ ಹೊರಗೆ ಯಾರೂ ಇರಲಿಲ್ಲ. ಓಣಿಯ ಕೊನೆಯಲ್ಲಿ ದಾವೀದ ಆಗಷ್ಟೇ ತನ್ನ ಲಾಟೀನು ಹಚ್ಚಿಕೊಳ್ಳುತ್ತಿದ್ದ.