ತಾಯಿ ಪಟ್ಟಿ

ನಮ್ಮ ಟೇಲರಮ್ಮನ ಎಡಗೈ ತೋರುಬೆರಳಿನ ತುದಿ ಒಂದು ಕಡೆ ಸಪಾಟಾಗಿತ್ತು. ಉಗುರಿನ ಮೂಲೆಯೂ ಅದರ ಜೊತೆಗೇ ಹೋಗಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದ ಹೆಂಗಸರು ಕದ್ದು ಕದ್ದು ನೋಡುವುದು ಕಂಡರೆ ಅವರೇ ಬೆರಳನ್ನು ಮುಖದ ಮುಂದೆ ಹಿಡಿದು, "ಸರಿಯಾಗಿ ನೋಡ್ಕಳವ್ವ. ಇಸ್ಕೂಲ್ ಮಕ್ಳ ಸ್ಕೇಲು ಇಟ್ಕಂಡು ಗಾಲಿ ಬ್ಲೇಡು ಓಡ್ಸಿದ್ರೆ ಇಂಗಾಗ್ತೈತೆ," ಎನ್ನುತ್ತಿದ್ದರು. ಅವರಿಗೆ ಅದರ ಬಗ್ಗೆ ನಾಚಿಕೆ ಇರಲಿಲ್ಲ, ಯಾರ ಅಯ್ಯೋ ಪಾಪವೂ ಬೇಕಿರಲಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲೊಂದರ ಹಿಂದಿದ್ದ ಹಳೇ ಗೋದಾಮಿನಲ್ಲಿ ಟೇಲರಮ್ಮ ಕೌದಿ ಹೊಲಿಸುತ್ತಿದ್ದರು. ನಾವು ಆರು ಜನ ಹೆಂಗಸರು. ನಾನು ಮೊಳಕಾಲ್ಮೂರಿನ ಮಗ್ಗದ ಮನೆಯವಳು, ಮದುವೆಯಾಗಿ ಚಳ್ಳಕೆರೆಗೆ ಬಂದಿದ್ದೆ. ನಮ್ಮಜ್ಜಿ ಹೊಲಿಯುತ್ತಿದ್ದ ಕೌದಿಗೆ ಅಳತೆ ಎಂಬುದೇ ಇರಲಿಲ್ಲ. ಹಳೇ ಸೀರೆ ಎಲ್ಲಿ ಹರಿದಿದೆಯೋ ಅಲ್ಲಿಗೆ ತುಂಡು. ಇಲ್ಲಿ ಹಾಗಲ್ಲ. ಎಳೆ ತಪ್ಪಿದ, ಕಲೆಯಾದ ರೇಷ್ಮೆ ಸೀರೆಗಳನ್ನು ಮೊಳಕಾಲ್ಮೂರಿನಿಂದ ತರಿಸಿ, ಮೂರು ಇಂಚಿನ ಚೌಕಗಳಾಗಿ ಕತ್ತರಿಸಿ, ಸಾಲು ಸಾಲಾಗಿ ಜೋಡಿಸಬೇಕು. ಒಂದು ಚೌಕ ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಸಾಲಿನ ಕೊನೆಗೆ ಬರುವಷ್ಟರಲ್ಲಿ ಬಟ್ಟೆ ಮುದುಡಿಕೊಳ್ಳುತ್ತಿತ್ತು.

ಕತ್ತರಿಯಲ್ಲಿ ಆ ಕೆಲಸ ಆಗುವುದಿಲ್ಲ. ಬೆಂಗಳೂರಿನಿಂದ ಹೇಳಿಕೊಡಲು ಬಂದಿದ್ದ ಹೆಂಗಸೊಬ್ಬಳು ಗಾಲಿ ಬ್ಲೇಡುಗಳನ್ನು ಕೊಟ್ಟು ಹೋಗಿದ್ದಳು. ಹಿಡಿಯ ತುದಿಯಲ್ಲಿ ತಿರುಗುವ ದುಂಡನೆ ಬ್ಲೇಡು. ಕೆಳಗೊಂದು ದಪ್ಪ ಹಸಿರು ಹಾಸು, ಬಟ್ಟೆಯ ಮೇಲೊಂದು ಪಟ್ಟಿ, ಪಟ್ಟಿಯ ಅಂಚಿಗೆ ಒತ್ತಿ ಬ್ಲೇಡು ಓಡಿಸಿದರೆ ನಾಲ್ಕು ಪದರ ರೇಷ್ಮೆ ಬೆಣ್ಣೆಯ ಹಾಗೆ ಬಿಡುತ್ತಿತ್ತು. ಬೆರಳೂ ಹಾಗೇ ಬಿಡುತ್ತದೆ ಎಂದು ಟೇಲರಮ್ಮನಿಗೆ ಮೊದಲ ವಾರವೇ ಗೊತ್ತಾಯಿತು. ತೆಳ್ಳನೆ ಸ್ಕೇಲಿನ ಮೇಲೆ ಬ್ಲೇಡು ಹತ್ತಿ ಬಂದಿತ್ತು. ಆ ಹೆಂಗಸು ತಂದಿದ್ದ ಸರಿಯಾದ ಪಟ್ಟಿ ಒಂದೇ ಒಂದು. ಮೂರು ಇಂಚು ಅಗಲ, ಒಂದು ರೂಪಾಯಿಯ ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು ದಪ್ಪ, ಗಾಜಿನ ಹಾಗೆ ಕಾಣುವ ಪಟ್ಟಿ. ಒಂದು ಪಟ್ಟಿಗೆ ಆರು ಜನ ಕಾಯುತ್ತ ಕೂರುವುದೆಂದರೆ ಕೆಲಸ ಸಾಗಿದ ಹಾಗೇ.

ಟೇಲರಮ್ಮ ನನ್ನನ್ನು ಪೇಟೆಗೆ ಕಳಿಸಿದರು. ನಾನು ಸ್ಟೇಷನರಿ ಅಂಗಡಿಯಲ್ಲಿದ್ದ ಸ್ಕೇಲುಗಳನ್ನೆಲ್ಲ ಬಾಚಿಕೊಂಡು ಬಂದೆ. ಅವರು ಬಾಗಿಲ ಬೆಳಕಿಗೆ ಕೂತು, ಒಂದು ಕಣ್ಣು ಮುಚ್ಚಿ, ಒಂದೊಂದನ್ನೇ ಬಂದೂಕು ಹಿಡಿದ ಹಾಗೆ ಹಿಡಿದು ನೋಡಿದರು.

"ಇದು ತೆಳ್ಳಗೈತೆ, ಬೆರಳು ತಿಂತೈತೆ. ಇದು ಉಕ್ಕು, ಬ್ಲೇಡಿನ ಬಾಯಿ ಹೋಗ್ತೈತೆ, ಕೆಳಗಿನ ಬಟ್ಟೆನೂ ಕಾಣಲ್ಲ. ಇದರ ಗೆರೆ ನೋಡು, ಎಷ್ಟು ದಪ್ಪ! ಗೆರೆಯ ಈ ಕಡೆ ಇಡಾಣ, ಆ ಕಡೆ ಇಡಾಣ? ಇದಂತೂ ಸೊನ್ನೆನೇ ತುದಿಯಿಂದ ಒಳಗೆ ಶುರುವಾಗೈತೆ."

"ಹಂಗಾದ್ರೆ ಯಾವ್ದೂ ಬ್ಯಾಡ್ವೇನ್ರಿ?" ಎಂದೆ. ಬಿಸಿಲಲ್ಲಿ ಸುತ್ತಿ ಬಂದಿದ್ದೆ, ಸಿಟ್ಟು ಬಂದಿತ್ತು.

"ಮಕ್ಳಿಗೆ ಕೊಡು, ಲೆಕ್ಕ ಗೀಚ್ಲಿ," ಎಂದರು.

ನೇರವಾಗಿದೆಯೋ ಇಲ್ಲವೋ ನೋಡಲು ಅವರಿಗೊಂದು ದಾರಿ ಇತ್ತು. ಕಾಗದದ ಮೇಲೆ ಪಟ್ಟಿ ಇಟ್ಟು ಗೆರೆ ಎಳೆಯುವುದು, ಆಮೇಲೆ ಪಟ್ಟಿಯನ್ನು ಮಗುಚಿ ಅದೇ ಅಂಚಿನಿಂದ ಅದೇ ಗೆರೆಯ ಮೇಲೆ ಇನ್ನೊಂದು ಎಳೆಯುವುದು. ಎರಡೂ ಒಂದಾದರೆ ಸರಿ, ನಡುವೆ ಬೆಳಕು ಬಿಟ್ಟರೆ ಎಸೆ. ಅಳೆಯುವಾಗ ತೆಲುಗಿನಲ್ಲಿ ಎಣಿಸುತ್ತಿದ್ದರು. ಮನೆಮಾತು ಕನ್ನಡವೇ, ಆದರೆ ಕೆಲಸ ಕಲಿತದ್ದು ರಾಯದುರ್ಗದಲ್ಲಂತೆ. ಬೈಯುವುದು ಮಾತ್ರ ಅಚ್ಚ ಚಳ್ಳಕೆರೆ ಕನ್ನಡದಲ್ಲಿ.

ಕಡೆಗೆ ದಾರಿ ಸಿಕ್ಕಿದ್ದು ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ ಬೋರ್ಡು ಮಾಡುವ ಸಾಹೇಬರಲ್ಲಿ. ಅವರ ಬಳಿ ಅದೇ ದಪ್ಪದ ಅಕ್ರಿಲಿಕ್ ಹಾಳೆ ಇತ್ತು. "ಗೆರೆ ನೀವ್ ಹಾಕ್ಕೊಡಿ, ಬರಾಬರ್ ಕಟ್ ಮಾಡ್ಕೊಡೋದು ನನ್ ಜಿಮ್ಮಾ," ಎಂದರು. ಆರು ಪಟ್ಟಿ ಮಾಡಿಸುವುದು, ರೇಷ್ಮೆಯ ಮೇಲೆ ಜಾರದಂತೆ ಅಡಿಗೆ ಬಡಗಿಗಳ ಉಪ್ಪುಕಾಗದದ ಚೂರು ಅಂಟಿಸುವುದು ಎಂದಾಯಿತು. ಅಷ್ಟರಲ್ಲಿ ಟೇಲರಮ್ಮ ದೇವಸಮುದ್ರಕ್ಕೆ ನೆಂಟರ ಮದುವೆಗೆ ಹೋಗಬೇಕಾಗಿ ಬಂತು. ಹೋಗುವಾಗ ಆ ಒಂದೇ ಪಟ್ಟಿಯನ್ನು ನನ್ನ ಕೈಗಿಟ್ಟು, "ಇದು ತಾಯಿ. ಆರಕ್ಕೂ ಇದನ್ನೇ ಇಟ್ಟು ಗೀರ್ಬೇಕು. ತಪ್ಪಾದ್ರೆ ಆರೂ ಒಂದೇ ತಪ್ಪಾಗ್ಲಿ, ಹೊಂದ್ಕಂತವೆ. ಮಕ್ಳು ಸಾಕು, ಮೊಮ್ಮಕ್ಳು ಬ್ಯಾಡ," ಎಂದರು.

ನಾನು ಮೊಮ್ಮಕ್ಕಳನ್ನು ಮಾಡಿಸಿದೆ, ಮರಿಮಕ್ಕಳನ್ನೂ ಮಾಡಿಸಿದೆ. ನಮ್ಮ ಮಗ್ಗದ ಮನೆಯಲ್ಲಿ ಹೊಸ ಅಳತೆಕಡ್ಡಿ ಬೇಕಾದರೆ ಪಕ್ಕದ ಮಗ್ಗದ ಕಡ್ಡಿ ನೋಡಿ ಮುರಿದುಕೊಳ್ಳುತ್ತಿದ್ದರು, ಅದನ್ನು ನೋಡಿ ಅದರ ಪಕ್ಕದವರು. ಸೀರೆ ಎಳೆದರೆ ಹಿಗ್ಗುತ್ತದೆ, ಬೆರಳಗಲ ಹೆಚ್ಚಾದರೆ ಯಾರೂ ಕೇಳುವುದಿಲ್ಲ. ಅದೇ ಚಾಳಿ. ಅಲ್ಲದೆ ಬೆಂಗಳೂರಿನ ಪಟ್ಟಿಗೆ ಗೆರೆ ಗೀರುವ ಸೂಜಿ ತಾಗಿ ಗೀರು ಬಿದ್ದೀತು ಎಂಬ ಹೆದರಿಕೆ. ಮೊದಲನೆಯದು ಕತ್ತರಿಸಿ ಬಂದ ಕೂಡಲೇ ತಾಯಿಯನ್ನು ಚೀಲದೊಳಗಿಟ್ಟು, ಒಂದನ್ನು ಇಟ್ಟು ಎರಡು, ಎರಡನ್ನು ಇಟ್ಟು ಮೂರು ಎಂದು ಗೀರುತ್ತ ಹೋದೆ. ಸೂಜಿ ಅಂಚಿನ ಹೊರಗೆ ಓಡುತ್ತದಲ್ಲ, ಪ್ರತಿ ಸಲ ಒಂದು ಸೂಜಿಯಷ್ಟು ಅಗಲ ಕೂಡಿಕೊಂಡಿತು. ಮನೆಗೆ ತಂದು ಆರನ್ನೂ ಸೇರಿಸಿ ನಿಲ್ಲಿಸಿದಾಗ ಆರನೆಯದು ಮೊದಲನೆಯದಕ್ಕಿಂತ ಎದ್ದು ಕಾಣುತ್ತಿತ್ತು. ನನಗೆ ಕಂಡಿತು. ಕಾಣಲಿಲ್ಲ ಎಂದು ಈಗ ಬರೆದರೆ ಸುಳ್ಳಾಗುತ್ತದೆ.

ಮೊದಲನೆಯದನ್ನು ನಾನಿಟ್ಟುಕೊಂಡೆ. ಆರನೆಯದನ್ನು ನನ್ನಿವಾಳದಕ್ಕನಿಗೆ ಕೊಟ್ಟೆ. ಊರಿನ ಹೆಸರು ಹಿಡಿದೇ ನಾವು ಆಕೆಯನ್ನು ಕರೆಯುತ್ತಿದ್ದುದು, ನಮ್ಮಲ್ಲಿ ಎಲ್ಲರಿಗಿಂತ ಹೊಸಬಳು ಆಕೆ. ಗಂಡ ಕುರಿ ಹಿಂದೆ ಊರೂರು ತಿರುಗುವವನು. ಈಕೆ ಶೇಂಗಾ ಕೀಳುವ ಕೂಲಿ ಬಿಟ್ಟು, ದಿನಾ ನನ್ನಿವಾಳ ಹಳ್ಳಿಯಿಂದ ಬಸ್ಸು ಹತ್ತಿ ಬರುತ್ತಿದ್ದಳು. ನೆರಳಲ್ಲಿ ನಿಂತು ಮಾಡುವ ಕೆಲಸ ಜೀವಮಾನದಲ್ಲಿ ಇದೇ ಮೊದಲು ಎಂದು ನಗುತ್ತಿದ್ದಳು. ಹೊಲಿಗೆ ಬರುತ್ತಿರಲಿಲ್ಲ, ಕತ್ತರಿಸುವುದೊಂದೇ ಕಲಿತಿದ್ದಳು. ಏನು ಕೊಟ್ಟರೂ ಯಾಕೆ ಎಂದು ಕೇಳುವವಳಲ್ಲ, ಅದಕ್ಕೇ ಅವಳಿಗೆ ಕೊಟ್ಟೆ.

ಯುಗಾದಿಯೊಳಗೆ ಮೂವತ್ತು ಕೌದಿ ಕೊಡಬೇಕಿತ್ತು, ನಮ್ಮ ಮೊದಲ ದೊಡ್ಡ ಕೆಲಸ. ಜೋಡಿಸಲು ಕೂತಾಗ ಉಳಿದವರ ಸಾಲುಗಳ ಚೂರುಪಾರು ಹೆಚ್ಚು ಎಳೆದು ಹೊಂದಿಸಿದರೆ ಕೂತಿತು, ಅಕ್ಕನ ಚೌಕಗಳಿದ್ದ ಸಾಲು ಎರಡು ಬೆರಳು ಉದ್ದ ಬಂತು. ಬಿಚ್ಚಿ ಹೊಲಿದರೂ ಅಷ್ಟೇ. ಮದುವೆ ಮುಗಿಸಿ ಬಂದಿದ್ದ ಟೇಲರಮ್ಮ ಆಕೆಯ ಪಕ್ಕ ನಿಂತು, ಪಟ್ಟಿ ಒತ್ತುವುದು ಹೇಗೆ, ಬೆರಳು ಅಂಚಿನಿಂದ ಎಷ್ಟು ಹಿಂದಿರಬೇಕು ಎಂದು ಎರಡು ದಿನ ಹೇಳಿಕೊಟ್ಟರು. ಮೂರನೇ ದಿನ ಮತ್ತೆ ಹಾಗೇ ಬಂದಾಗ ಅವರ ಸಹನೆ ಮುಗಿಯಿತು. "ನಿನ್ ಕೈ ಸೊಟ್ಟ ಐತೆ ಕಣವ್ವ. ನಾಳೆಯಿಂದ ಬ್ಯಾಡ ಬಿಡು," ಎಂದುಬಿಟ್ಟರು.

ಅಕ್ಕ ತನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಕುರಿ ತುಪ್ಪಟ ಕತ್ರಿಸಿದ ಕೈ ಅಲ್ವೇನ್ರಿ, ರೇಷ್ಮೆಗೆ ಎಂಗೆ ಬಗ್ಗೀತು," ಎಂದು ಬುತ್ತಿಯ ಡಬ್ಬಿ ಎತ್ತಿಕೊಂಡು ಹೊರಟಳು. ಅವಳು ಅದನ್ನು ನಂಬಿಬಿಟ್ಟಿದ್ದಳು.

ಅಂದು ಸಂಜೆ ಎಲ್ಲರೂ ಹೋದ ಮೇಲೆ ನಾನು ನಿಂತೆ. "ಕೈ ಅಲ್ಲ ಅಮ್ಮ, ಪಟ್ಟಿ," ಎಂದೆ. ಅವರು ಆರು ಪಟ್ಟಿಗಳನ್ನೂ ಮೇಜಿನ ಮೇಲೆ ನಿಲ್ಲಿಸಿ, ಅಂಚುಗಳ ಮೇಲೆ ಉಗುರು ಎಳೆದರು. ಉಗುರು ಟಕ್ ಟಕ್ ಎಂದು ಮೆಟ್ಟಿಲು ಹತ್ತಿದ ಹಾಗೆ ಹತ್ತಿತು.

"ಗೊತ್ತಿತ್ತಾ?"

"ಹೂಂ."

"ಗೊತ್ತಿದ್ದೂ ಅವಳಿಗೇ ಕೊಟ್ಯಾ?"

ಹೊಡೆಯುತ್ತಾರೆ, ಇಲ್ಲವೇ ಮನೆಗೆ ಹೋಗು ಎನ್ನುತ್ತಾರೆ ಎಂದುಕೊಂಡೆ. ಅವರು ಸೂಜಿ ತೆಗೆದುಕೊಂಡು ಇನ್ನು ಯಾರೂ ಬಳಸದಂತೆ ಆರು ಪಟ್ಟಿಗಳ ಮೇಲೂ ಕಾಟು ಹಾಕಿದರು. "ನಾಳೆ ಅವಳನ್ನ ಕರೆಸ್ತೀನಿ. ನೀನೇ ಹೇಳು," ಎಂದು ಬೀಗದ ಕೈ ಹುಡುಕತೊಡಗಿದರು.

ಮರುದಿನ ಅಕ್ಕ ಬಂದಳು. ನಾನು ತಲೆ ಬಗ್ಗಿಸಿ ಚೌಕ ಎಣಿಸುತ್ತ ಕೂತೆ. ಟೀ ಬರುವ ತನಕ ಟೇಲರಮ್ಮ ನನ್ನ ಕಡೆ ನೋಡುತ್ತ ಕಾದರು. ಆಮೇಲೆ ಲೋಟ ಕೆಳಗಿಟ್ಟು, ಎಲ್ಲರೆದುರು ಎದ್ದು ನಿಂತು, "ನಿನ್ ಕೈ ಸರಿ ಐತೆ ಕಣೇ. ಪಟ್ಟಿ ತಪ್ಪಾಗೈತೆ. ಕೈನ ಬಯ್ಯಾಕೆ ಮುಂಚೆ ನಾನು ಪಟ್ಟಿ ನೋಡ್ಬೇಕಿತ್ತು, ತಪ್ಪು ನಂದು," ಎಂದರು. ಅವತ್ತೇ ಸಾಹೇಬರಲ್ಲಿಗೆ ತಾವೇ ಹೋಗಿ, ತಾಯಿ ಪಟ್ಟಿ ಇಟ್ಟು ಆರು ಹೊಸವು ಮಾಡಿಸಿದರು. ಚೌಕಗಳು ದೊಡ್ಡವಾಗಿದ್ದರಿಂದ ಬಚಾವಾದೆವು, ಅಂಚು ಸವರಿದರೆ ಸಾಕಾಯಿತು. ಮೂವತ್ತೂ ಕೌದಿ ಹೊತ್ತಿಗೆ ಮುಂಚೆ ಹೋದವು.

ಆಮೇಲೆ ಟೇಲರಮ್ಮ ನನ್ನೆದುರು ಒಂದು ದಿನವೂ ಆ ಮಾತೆತ್ತಲಿಲ್ಲ. ನನಗೆ ಎಲ್ಲ ಕಲಿಸಿದರು. ಬಟ್ಟೆ ಅಂಗಡಿಯಲ್ಲಿ ನಿಂತಲ್ಲೇ ಇಂಚು ಟೇಪು ಎಳೆದು ಜಗ್ಗಿದೆಯೋ ಇಲ್ಲವೋ ಹೇಳುತ್ತೇನೆ. ಮೊಳಕಾಲ್ಮೂರಿನಲ್ಲಿ ನಾನೇ ಹತ್ತು ಹುಡುಗಿಯರಿಗೆ ಕತ್ತರಿಸುವುದು ಕಲಿಸಿದ್ದೇನೆ, ಒಬ್ಬಳ ಬೆರಳಿಗೂ ಗಾಯವಾಗಿಲ್ಲ. ಅದೆಲ್ಲ ಅವರ ವಿದ್ಯೆ. ನನ್ನಿವಾಳದಕ್ಕ ಆಮೇಲೆ ನಮ್ಮೆಲ್ಲರಿಗಿಂತ ಚೆನ್ನಾಗಿ ಕತ್ತರಿಸಿದಳು. ಮೇಜಿನ ಆ ಕಡೆ ಅವಳು, ಈ ಕಡೆ ನಾನು, ಎಂಟು ವರ್ಷ. ಹೇಳಬೇಕು ಎಂದು ಎಷ್ಟೋ ಸಲ ಬಾಯಿಗೆ ಬಂದದ್ದನ್ನು ನುಂಗಿದೆ. ಯಾರೂ ಕೇಳದಿದ್ದ ಮೇಲೆ ಈಗ್ಯಾಕೆ ಎಂದುಕೊಳ್ಳುತ್ತಿದ್ದೆ.

ಎಂಟನೇ ವರ್ಷ ಟೇಲರಮ್ಮ ಸಕ್ಕರೆ ಕಾಯಿಲೆ ಏರಿ, ಚಿತ್ರದುರ್ಗದ ಆಸ್ಪತ್ರೆಯಲ್ಲಿ ಒಂದು ವಾರವಿದ್ದು ತೀರಿಕೊಂಡರು. ತಿಥಿ ಮುಗಿದ ಮೇಲೆ ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ನನ್ನಿವಾಳದ ಬಸ್ಸು ಹತ್ತಿದೆ. ಅಕ್ಕ ಅಂಗಳದಲ್ಲಿ ಶೇಂಗಾ ಬಿಡಿಸುತ್ತ ಕೂತಿದ್ದಳು. ಪಕ್ಕದಲ್ಲಿ ಕೂತು, ಸುತ್ತಿ ಬಳಸದೆ ಎಲ್ಲ ಹೇಳಿದೆ. ಗೊತ್ತಿದ್ದೇ ಕೊಟ್ಟೆ ಎಂಬುದನ್ನೂ ಹೇಳಿದೆ.

"ಗೊತ್ತು ಬಿಡವ್ವ," ಎಂದಳು. "ನನ್ನ ವಾಪಸ್ ಕರೆಸಿದ್ರಲ್ಲ, ಅವತ್ತೇ ಟೇಲರಮ್ಮ ಬಸ್ ಸ್ಟ್ಯಾಂಡಿಗಂಟ ಬಂದು ಹೇಳಿದ್ರು. 'ಅವಳಾಗೇ ಬಂದು ಹೇಳ್ತಾಳೆ, ಅಲ್ಲೀಗಂಟ ನೀನು ಬಾಯಿ ಬಿಡಬ್ಯಾಡ' ಅಂದಿದ್ರು. ವರ್ಷಕ್ಕೊಂದ್ಸಲ ಕೇಳೋರು, 'ಬಂದಿದ್ಲೇನೇ?' ಅಂತ."

ಅವಳು ಕೈಯಲ್ಲಿದ್ದ ಕಾಯಿ ಒಡೆದು ಬೀಜ ಮೊರಕ್ಕೆ ಹಾಕಿದಳು.

"ಆಸ್ಪತ್ರೆಗೆ ನೋಡಾಕೆ ಹೋದಾಗ್ಲೂ ಅದೇ ಕೇಳಿದ್ರು. ಏನ್ಮಾಡ್ಲಿ ಹೇಳು? 'ಬಂದಿದ್ಲು ಕಣಮ್ಮ, ಕಾಲಿಗೆ ಬಿದ್ಲು' ಅಂದೆ."

"ಏನಂದ್ರು?"

"'ನಂಗೊತ್ತಿತ್ತು, ಅವಳು ಬರ್ತಾಳೆ ಅಂತ' ಅಂದ್ರು. ಅಂದು ಮಕ್ಕಂಡ್ರು."

ನಾನು ಶೇಂಗಾ ಸಿಪ್ಪೆಯ ಮೇಲೇ ಬಗ್ಗಿ ಅವಳ ಎರಡೂ ಕಾಲು ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ. ಮೊರ ಪಕ್ಕಕ್ಕಿಟ್ಟು, "ಏಳವ್ವ, ಸಂಜೆ ಬಸ್ಸು ಬರೋ ಹೊತ್ತಾತು," ಎಂದಳು.