ಹಳಿಯ ಮೇಲೆ ಬೆಳ್ಳಿ ಬಸವಣ್ಣ

ಗೆಳತಿಯರೇ, ಹೊಸಪೇಟೆಯ ಅಕ್ಕಿ ಗಿರಣಿಯ ಮಾಲೀಕರಾದ ವೀರಭದ್ರಪ್ಪನವರು ಮದರಾಸಿನಿಂದ ತರಿಸಿದ ವಿದ್ಯುತ್ ಆಟಿಕೆ ರೈಲನ್ನು ನೋಡಲು ಇಂದು ಬೆಳಿಗ್ಗೆ ಅವರ ಮನೆಗೆ ಹೋಗಿದ್ದೆ. ಗಿರಣಿಯ ವೈರಿಂಗ್ ಕೆಲಸದ ಹುಲುಗಪ್ಪ ಹಳಿ ಜೋಡಿಸಿದ್ದ ಮೇಜಿಗೆ ತಂತಿ ಎಳೆದು, ಅಪಾಯ ಬಂದಾಗ ಮೊದಲು ತಾನೇ ಉರಿದುಹೋಗುವ ತೆಳು ತಂತಿಯ ಫ್ಯೂಸನ್ನು ಕೂರಿಸಿದ್ದ. ರೈಲು ದೇವರೆದುರು ಬಂದು ನಿಲ್ಲಲೆಂದು ಮಾಲೀಕರು ಬೆಳ್ಳಿಯ ಬಸವಣ್ಣನನ್ನು ಹಳಿಗಳ ಮೇಲೆಯೇ ಇಟ್ಟರು. ಕರೆಂಟು ಕೊಟ್ಟಾಗಲೆಲ್ಲ ಫ್ಯೂಸ್ ಹೋಯಿತು. ರೈಲು ನೋಡಲು ಬಂದಿದ್ದ ನೆಂಟರು ನಕ್ಕರು.

“ಧಣೀ, ಬೆಳ್ಳಿ ಎರಡೂ ಹಳಿಗೆ ತಾಗೈತ್ರಿ, ಕರೆಂಟು ಅದರಾಗ ಹರದು ಫ್ಯೂಸ್ ಹೊಕ್ಕೈತಿ. ಬಸವಣ್ಣನ್ನ ಒಂದೀಟು ಸರಸ್ರಿ,” ಎಂದ ಹುಲುಗಪ್ಪ.

“ದೇವರನ್ನ ಸರಸು ಅನ್ನಾಕ ನೀ ಯಾರಲೇ?”

ಮಾಲೀಕರು ಫ್ಯೂಸಿನ ಜಾಗಕ್ಕೆ ದಪ್ಪ ತಾಮ್ರದ ತಂತಿಯನ್ನು ತಾವೇ ಬಿಗಿದರು. ಈ ಸಲ ಏನೂ ಕಡಿದುಹೋಗಲಿಲ್ಲ. ಮೇಜಿನ ಕೆಳಗಿನ ತಂತಿ ಕಾದು, ಹಾಸಿದ್ದ ಬಟ್ಟೆಗೆ ಬೆಂಕಿ ಹತ್ತಿತು. ಹುಲುಗಪ್ಪ ಎಡಗೈಯಿಂದ ತಂತಿಯನ್ನು ಕಿತ್ತೆಸೆದು ಮನೆಯನ್ನು ಉಳಿಸಿದ.

ಅವನ ಸುಟ್ಟ ಕೈಗೆ ಬಟ್ಟೆ ಸುತ್ತುವ ಮೊದಲೇ ಮಾಲೀಕರು ಶಾಲೆಯ ಶಿಕ್ಷಕಿಯಾದ ನನ್ನತ್ತ ತಿರುಗಿದರು. “ಅಕ್ಕೋರೆ, ತಪ್ಪು ಅವಂದ ಐತಿ ಅಂತ ಒಂದು ಕಾಗದ ಬರೀರಿ. ಹೆಬ್ಬೆಟ್ಟು ಒತ್ತಿದ್ರ ಕೆಲಸದಾಗ ಇಟ್ಕೊಂತೀನಿ.”

ಸುಳ್ಳನ್ನು ಬರೆಯಲಾರೆನೆಂದೆ.

“ಬರೀರಿ ಅಕ್ಕೋರೆ,” ಎಂದವನು ಹುಲುಗಪ್ಪನೇ. “ಮನ್ಯಾಗ ಆರು ಮಂದಿ ಅದೀವಿ.”

ಬರೆದೆ. ಅವನು ಬಲ ಹೆಬ್ಬೆರಳನ್ನು ಒತ್ತಿದ. ಮಾಲೀಕರು ಕಾಗದ ನೋಡಿ ಹುಬ್ಬು ಗಂಟಿಕ್ಕಿದರು.

“ಗಂಡಸರು ಎಡಗೈದು ಒತ್ತಬೇಕಲ್ರಿ?”

“ಎಡ ಹೆಬ್ಬೆರಳಿನ ಚರ್ಮ ನಿಮ್ಮ ತಂತಿಗೆ ಅಂಟಿಕೊಂಡಿದೆ,” ಎಂದೆ. “ಬೇಕಿದ್ದರೆ ಅದನ್ನೇ ಕಾಗದಕ್ಕೆ ಲಗತ್ತಿಸಿಕೊಳ್ಳಿರಿ.”